ಪರೀಕ್ಷಿಸಿದ್ದೇನೆ ಎಂದು ಬರೆದ ಸಾಲು

ಕಡೂರಿನ ಮನೆಯಲ್ಲಿ ಕೂತು ನಾನು ಒಂದು ಡ್ರೈವರನ್ನು ನೋಡಿಕೊಳ್ಳುತ್ತೇನೆ. ಯಾರೊಬ್ಬರ ಆಸ್ತಿಯೂ ಅಲ್ಲದ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದಿದೆ. ಅದರ ಒಳತಿರುಳಿಗೆ ಕರ್ನೆಲ್ ಎನ್ನುತ್ತಾರೆ. ಹೊರಗಿನಿಂದ ತಂದು ಸಿಕ್ಕಿಸಿದ ಯಂತ್ರ ಆ ಕರ್ನೆಲ್ ಜೊತೆ ಮಾತಾಡಬೇಕಾದರೆ ನಡುವೆ ಒಂದು ಸಣ್ಣ ಪ್ರೋಗ್ರಾಮ್ ಬೇಕು, ಅದೇ ಡ್ರೈವರ್. ಅಂಥವು ಸಾವಿರಾರು ಇವೆ. ಪ್ರತಿಯೊಂದಕ್ಕೂ ಒಬ್ಬರು ದಿಕ್ಕಾಗಿರಬೇಕು. ಒಂಬೈನೂರು ಸಾಲಿನ ಒಂದು ಬಡ ಡ್ರೈವರಿಗೆ ನಾನು ದಿಕ್ಕು. ಇದಕ್ಕೆ ಸಂಬಳವಿಲ್ಲ, ಸಂಬಳಕ್ಕೆ ಪಾಲಿಟೆಕ್ನಿಕ್ಕಿನ ಲ್ಯಾಬ್ ಇದೆ. ಈ ಕೆಲಸವನ್ನು ದೊಡ್ಡ ಸೇವೆ ಎಂದು ಕೊಂಡಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದು ವರ್ಷಾವರ್ಷ ಮಳೆಗಾಲಕ್ಕೆ ಮೊದಲು ಮನೆಯ ಹೆಂಚು ಕೈಯಾಡಿಸುವ ಹಾಗಿನ ಕೆಲಸ. ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬಿಟ್ಟರೆ ಸೋರುತ್ತದೆ. ನಾನು ಈಗ ಹೇಳಹೊರಟಿರುವುದು ಆ ಕೆಲಸದಲ್ಲಿ ನಾನು ಬರೆದ ಒಂದು ಸುಳ್ಳಿನ ವಿಚಾರ. ಅದರಿಂದ ಹಾಳಾದದ್ದು ಚಿಕ್ಕಪ್ಪನ ಓದು.

ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಹುಟ್ಟಿನಿಂದ ಕಣ್ಣು ಕಾಣದವನು. ಮದುವೆಯಾಗಲಿಲ್ಲ. ಅಜ್ಜಂಪುರದ ನನ್ನ ತವರಿನಲ್ಲಿ, ನನ್ನ ಅಣ್ಣ ಅತ್ತಿಗೆಯ ಜೊತೆ ಇದ್ದಾನೆ. ಏಳು ವರ್ಷದವನಿದ್ದಾಗ ಮಠದ ಸ್ವಾಮಿಗಳು ನಮ್ಮ ಅಜ್ಜನ ಮಾತನ್ನೂ ಕೇಳದೆ ಅವನನ್ನು ಅಂಧಮಕ್ಕಳ ಶಾಲೆಗೆ ಸೇರಿಸಿದರಂತೆ. ಅಲ್ಲಿ ಉಬ್ಬು ಚುಕ್ಕಿಗಳನ್ನು ಮುಟ್ಟಿ ಓದುವ ಬ್ರೈಲ್ ಕಲಿತು ಬಂದವನು ಮತ್ತೆ ಓದು ಬಿಟ್ಟವನಲ್ಲ. ನಾವು ಚಿಕ್ಕವರಿದ್ದಾಗ ಸಂಜೆ ಕರೆಂಟು ಹೋದರೆ ಮನೆಯಲ್ಲಿ ಎಲ್ಲರ ಪುಸ್ತಕವೂ ಮುಚ್ಚುತ್ತಿತ್ತು, ಅವನದು ಮಾತ್ರ ತೆರೆದೇ ಇರುತ್ತಿತ್ತು. “ಕಣ್ಣಿರೋರ ಪಾಡೇ ಇಷ್ಟು ಕಣ್ರೋ” ಎಂದು ನಗುತ್ತಾ ಬೆರಳಾಡಿಸುತ್ತಿದ್ದ. ಬಲಗೈ ತೋರುಬೆರಳು ಓದುತ್ತಿತ್ತು, ಎಡಗೈಯದು ಮುಂದಿನ ಸಾಲಿನ ತಲೆ ಹುಡುಕಿಟ್ಟುಕೊಂಡು ಕಾಯುತ್ತಿತ್ತು.

ಆ ಬೆರಳೇ ಅವನಿಗೆ ಕೆಲಸವನ್ನೂ ಕೊಟ್ಟಿತು. ದೂರದ ಊರಿನ ಒಂದು ಬ್ರೈಲ್ ಮುದ್ರಣಾಲಯದವರು ಮಕ್ಕಳ ಪಠ್ಯಪುಸ್ತಕಗಳನ್ನು ಅಚ್ಚು ಹಾಕುವ ಮೊದಲು ಇವನಿಗೆ ಕಳಿಸುತ್ತಿದ್ದರು. ಇವನು ಓದಿ ತಪ್ಪು ಹುಡುಕಬೇಕು. ಮೊದಮೊದಲು ಕಾಗದದ ಕಟ್ಟು ಬರುತ್ತಿತ್ತು, ಆಮೇಲೆ ಫೈಲುಗಳು ಬರತೊಡಗಿದವು. ಅದಕ್ಕೆಂದು ಅವರೇ ಒಂದು ಹಳೆಯ ವಿದೇಶಿ ಯಂತ್ರ ಕೊಟ್ಟರು. ಮೊಳದುದ್ದದ ಡಬ್ಬ, ಮೇಲೆ ಸಾಲಾಗಿ ನಲವತ್ತು ಮನೆ, ಒಂದೊಂದು ಮನೆಯಲ್ಲೂ ಗುಂಡುಸೂಜಿಯ ತಲೆಯಷ್ಟು ಸಣ್ಣ ಮೊಳೆಗಳು. ಕಂಪ್ಯೂಟರಿನಲ್ಲಿರುವ ಒಂದು ಸಾಲು ಅದರ ಮೇಲೆ ಚುಕ್ಕಿಗಳಾಗಿ ಏಳುತ್ತದೆ. ಗುಂಡಿ ಒತ್ತಿದರೆ ಅದು ಬಿದ್ದು ಮುಂದಿನ ಸಾಲು ಏಳುತ್ತದೆ. ಚಿಕ್ಕಪ್ಪ ಅದಕ್ಕೆ ಚುಕ್ಕಿ ಡಬ್ಬ ಎಂದು ಹೆಸರಿಟ್ಟ. ಅದನ್ನು ತಯಾರಿಸಿದ ಕಂಪನಿ ಆಗಲೇ ಮುಚ್ಚಿಹೋಗಿತ್ತು. ಜೊತೆಗೆ ಬಂದಿದ್ದ ಕಂಪ್ಯೂಟರ್ ಎರಡು ವರ್ಷಕ್ಕೆ ಕೆಟ್ಟಿತು, ಹೊಸ ಕಂಪ್ಯೂಟರಿಗೆ ಡಬ್ಬದ ಗುರುತೇ ಹತ್ತಲಿಲ್ಲ. ಆಗ ನಾನು ಕೂತು, ಬೈದುಕೊಂಡು, ಆರು ತಿಂಗಳು ಒದ್ದಾಡಿ ಡ್ರೈವರ್ ಬರೆದೆ. ಕರ್ನೆಲ್‌ನವರು ಅದನ್ನು ಒಳಗೆ ಸೇರಿಸಿಕೊಂಡರು. ಅಂದಿನಿಂದ ಅದು ನನ್ನ ಕೊರಳಿಗೆ ಬಿತ್ತು.

ಬರೆದು ಕೊಟ್ಟ ಮೇಲೆ ಮುಗಿಯಿತು ಎಂಬುದು ಇಲ್ಲಿ ಇಲ್ಲ. ಕರ್ನೆಲ್ ಒಳಗೆ ಯಾರೋ ಒಂದು ಕಂಬ ಸರಿಸುತ್ತಾರೆ, ಅದಕ್ಕೆ ಒರಗಿದ್ದ ಡ್ರೈವರುಗಳನ್ನೆಲ್ಲ ತಿದ್ದಬೇಕು. ತಿದ್ದುಪಡಿಗಳು ಇಮೇಲಿನಲ್ಲಿ ಬರುತ್ತವೆ. ಪ್ರತಿ ತಿದ್ದುಪಡಿಯ ಕೊನೆಯಲ್ಲಿ ಸಹಿ ಹಾಕುವ ಸಾಲುಗಳಿರುತ್ತವೆ: ಬರೆದವರು ಯಾರು, ಓದಿ ಒಪ್ಪಿದವರು ಯಾರು, ನಿಜವಾದ ಯಂತ್ರದ ಮೇಲೆ ಪರೀಕ್ಷಿಸಿದವರು ಯಾರು. ಆ ಸಾಲನ್ನು ಯಾರೂ ಬಂದು ತನಿಖೆ ಮಾಡುವುದಿಲ್ಲ. ಪ್ರಪಂಚದ ಯಾವುದೋ ಮೂಲೆಯಲ್ಲಿ ಕೂತವರು ಇನ್ನೊಂದು ಮೂಲೆಯವರ ಮಾತನ್ನು ನಂಬುತ್ತಾರೆ, ಅಷ್ಟೇ.

ನನ್ನ ಮೂಲೆಯಲ್ಲಿ ಪರೀಕ್ಷೆಯೆಂದರೆ ಭಾನುವಾರ ಬೆಳಗಿನ ರೈಲು ಹತ್ತಿ, ಬೀರೂರು ದಾಟಿ, ಅಜ್ಜಂಪುರದಲ್ಲಿ ಇಳಿಯುವುದು. ಡಬ್ಬ ಇದ್ದದ್ದು ಅಲ್ಲೊಂದೇ ಕಡೆ. ಹೊಸ ಕರ್ನೆಲ್ ಹಾಕಿ ಚಿಕ್ಕಪ್ಪನನ್ನು ಓದಲು ಕೂರಿಸುತ್ತಿದ್ದೆ. ನಾಲ್ಕು ಸಾಲು ಓದಿದ ಮೇಲೆ ನಾನು ಏಳಹೋದರೆ ಬಿಡುತ್ತಿರಲಿಲ್ಲ. “ನಾಕು ಸಾಲು ಓದಿ ಸಹಿ ಹಾಕೋದು ಕಳ್ಳ ಕೆಲಸ ಕಣವ್ವ. ಎರಡು ಪುಟ ಆಗ್ಲಿ, ಕೂತ್ಕೋ” ಎನ್ನುತ್ತಿದ್ದ. ಎರಡು ಪುಟ ಮುಗಿಯುವಷ್ಟರಲ್ಲಿ ಅತ್ತಿಗೆ ರೊಟ್ಟಿ ಹಾಕಿರುತ್ತಿದ್ದಳು. ನಾನು ಉಂಡು, ಅವನು ಆಯಿತು ಎಂದ ಮೇಲೆ ಸಹಿ ಹಾಕಿ ಕಳಿಸುತ್ತಿದ್ದೆ. ಹತ್ತಿರ ಹತ್ತಿರ ಒಂಬತ್ತು ವರ್ಷ ಹೀಗೇ ನಡೆಯಿತು.

ಮೂರು ವರ್ಷದ ಹಿಂದೆ ಒಂದು ದೊಡ್ಡ ಕಂಬವನ್ನೇ ಸರಿಸಿದರು. ನಮ್ಮ ವಿಭಾಗವನ್ನು ನೋಡಿಕೊಳ್ಳುವ ಹಿರಿಯ ಒಂದು ಪಟ್ಟಿ ಕಳಿಸಿದ. ಇಂತಿಂಥ ಹಳೇ ಡ್ರೈವರುಗಳನ್ನು ಯಾರೂ ಬಳಸುತ್ತಿರುವ ಹಾಗೆ ಕಾಣುವುದಿಲ್ಲ. ಹೊಸ ತಿದ್ದುಪಡಿಯನ್ನು ಎರಡು ವಾರದೊಳಗೆ ಯಂತ್ರದ ಮೇಲೆ ಪರೀಕ್ಷಿಸಿ ಹೇಳದಿದ್ದರೆ ತೆಗೆದುಹಾಕುತ್ತೇವೆ ಎಂದು ಬರೆದಿದ್ದ. ಪಟ್ಟಿಯಲ್ಲಿ ನನ್ನದೂ ಇತ್ತು. ನನ್ನ ಡ್ರೈವರಿನ ತಿದ್ದುಪಡಿಯನ್ನು ಯಾವುದೋ ದೇಶದ ವಿದ್ಯಾರ್ಥಿ ಬರೆದಿದ್ದ. ನೋಡಲು ಅಚ್ಚುಕಟ್ಟಾಗಿತ್ತು.

ಆ ಎರಡು ವಾರ ಪಾಲಿಟೆಕ್ನಿಕ್ಕಿನಲ್ಲಿ ಪ್ರಾಯೋಗಿಕ ಪರೀಕ್ಷೆ, ಭಾನುವಾರವೂ ಅಂಕ ತುಂಬುವ ಕೆಲಸ. ಒಂದು ಭಾನುವಾರ ಹೋಯಿತು. ಎರಡನೆಯದೂ ಹೋಯಿತು. ಕೊನೆಯ ದಿನ ತಿದ್ದುಪಡಿಯನ್ನು ಮನೆಯ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಿದೆ, ಅಂದರೆ ಯಂತ್ರದ ಭಾಷೆಗೆ ಇಳಿಸಿದೆ, ತಕರಾರು ಬರಲಿಲ್ಲ. ಡ್ರೈವರ್ ಒಳಗೆ ಹೋಗಿ ಕೂತಿತು. ಮುಂದೆ ಡಬ್ಬ ಇಲ್ಲ, ಬೆರಳೂ ಇಲ್ಲ. ಆದರೂ ಪರೀಕ್ಷಿಸಿದವರು ಎಂಬ ಸಾಲಿನಲ್ಲಿ ನನ್ನ ಹೆಸರು ಬರೆದು ಕಳಿಸಿದೆ. ಡ್ರೈವರ್ ಕರ್ನೆಲ್‌ನಿಂದ ಹೊರಬಿದ್ದರೆ ಚಿಕ್ಕಪ್ಪನ ಡಬ್ಬ ಮೂಲೆಗೆ ಬೀಳುತ್ತದೆ, ಅದನ್ನು ಉಳಿಸಬೇಕು, ಮುಂದಿನ ವಾರ ಹೋಗಿ ನೋಡಿದರಾಯಿತು. ನನಗೆ ನಾನೇ ಹೇಳಿಕೊಂಡ ಸಮಾಧಾನ ಇದು. ಮುಂದಿನ ವಾರ ನಾನು ಹೋಗಲಿಲ್ಲ.

ಚಿಕ್ಕಪ್ಪನ ಕಂಪ್ಯೂಟರ್ ತಾನಾಗಿಯೇ ಹೊಸ ಕರ್ನೆಲ್ ಹಾಕಿಕೊಳ್ಳುವ ವ್ಯವಸ್ಥೆಯನ್ನು ನಾನೇ ಮಾಡಿಟ್ಟಿದ್ದೆ. ಮೂರು ತಿಂಗಳಿಗೆ ತಿದ್ದುಪಡಿ ಅಲ್ಲಿಗೆ ತಲುಪಿತು. ಆ ವಾರ ಫೋನು ಮಾಡಿ ಬೇರೆ ಮಾತಿನ ನಡುವೆ, “ಚುಕ್ಕಿ ಡಬ್ಬ ಓಡ್ತಾ ಇದೆಯಾ ಚಿಕ್ಕಪ್ಪಾ?” ಎಂದು ಕೇಳಿದೆ.

“ಓಡ್ತಾ ಐತೆ ಕಣವ್ವ. ಅದಕ್ಕೇನಾಗ್ತದೆ” ಎಂದ. ಅಷ್ಟನ್ನೇ ಪರೀಕ್ಷೆ ಎಂದುಕೊಂಡು ನಾನು ಸುಮ್ಮನಾದೆ.

ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪ ಪ್ರೂಫ್ ಓದುವ ಕೆಲಸ ಬಿಟ್ಟುಬಿಟ್ಟಿದ್ದ. ಡಬ್ಬಕ್ಕೆ ಬಟ್ಟೆ ಸುತ್ತಿ ಬೀರುವಿನ ಮೇಲಿಟ್ಟಿದ್ದರು. ಏನಾಯಿತು ಎಂದು ಕೇಳಿದೆ.

“ಬೆರಳು ಹೋಯ್ತು ಕಣವ್ವ” ಎಂದ. “ಸಾಲಿನ ಮೊದ್ಲು ಚೆನ್ನಾಗೇ ಸಿಕ್ತದೆ. ಕೊನೇ ಏಳೆಂಟು ಮನೆಗೆ ಬಂದಾಗ ಒಂದೊಂದ್ಸಲ ಗೊಂದಲ ಆಗ್ತದೆ. ವಾಪಸ್ ಹೋಗಿ ಅದೇ ಸಾಲು ಮುಟ್ಟಿದ್ರೆ ಮೊದ್ಲು ಸಿಕ್ಕಿದ್ದು ಇರಲ್ಲ, ಬೇರೆನೇ ಸಿಕ್ತದೆ. ಡಾಕ್ಟ್ರು ಹೇಳಿದ್ರಲ್ಲ, ನರ ಹೋಗ್ತವೆ ಅಂತ. ಅದೇ ಇದು.”

ಅವನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ತರೀಕೆರೆಯ ಡಾಕ್ಟರು, ಮೊದಲು ಪಾದ ಜೋಮು ಹಿಡಿಯುತ್ತದೆ, ಆಮೇಲೆ ಬೆರಳ ತುದಿ ಎಂದು ಮೊದಲೇ ಎಚ್ಚರಿಸಿದ್ದರು. ಈ ಸಲ ತೋರಿಸಿದಾಗ ಕಾಲಿನಲ್ಲಿ ಶುರುವಾಗಿದೆ, ಕೈಯಲ್ಲೂ ಇದ್ದರೆ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರಂತೆ. ಚಿಕ್ಕಪ್ಪ ತಾನೂ ಒಂದು ಪರೀಕ್ಷೆ ಮಾಡಿಕೊಂಡಿದ್ದ. ಪೆಟ್ಟಿಗೆಯಲ್ಲಿದ್ದ ಹಳೇ ಬ್ರೈಲ್ ಪುಸ್ತಕ ತೆಗೆದು ಮುಟ್ಟಿ ನೋಡಿದ್ದ. ನಲವತ್ತು ವರ್ಷದ ಪುಸ್ತಕ, ಚುಕ್ಕಿಗಳು ಸವೆದು ಚಪ್ಪಟೆಯಾಗಿದ್ದವು. ಅದೂ ಸಿಗಲಿಲ್ಲ. ಅಲ್ಲಿಗೆ ಖಾತ್ರಿ ಮಾಡಿಕೊಂಡ. ಈ ನಡುವೆ ಲೆಕ್ಕದ ಪುಸ್ತಕವೊಂದರಲ್ಲಿ ಸರಿಯಿದ್ದ ಸಾಲುಗಳನ್ನು ತಪ್ಪೆಂದು ಗುರುತು ಹಾಕಿ ಕಳಿಸಿದ್ದನಂತೆ. ಮುದ್ರಣಾಲಯದವರು ಮರ್ಯಾದೆಯಿಂದಲೇ ಕೇಳಿದರು. ಇವನು ಆ ದಿನವೇ ಕೆಲಸ ಬೇಡ ಎಂದ. “ನನಗೇ ನಂಬಿಕೆ ಇಲ್ದೇ ಇರೋದಕ್ಕೆ ಹೂಂ ಅನ್ನೋಕಾಯ್ತದಾ. ಮಕ್ಕಳು ಓದೋ ಪುಸ್ತಕ” ಎಂದ.

ನಾನು ಆಗ ಏನು ಮಾಡಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಅವನನ್ನು ಬೈದೆ. ಹೋಳಿಗೆ ಅಂದರೆ ಬಾಯಿ ಬಿಡುತ್ತೀಯ, ಹಲಸಿನ ಹಣ್ಣು ಬಂದರೆ ಬಿಡುವುದಿಲ್ಲ, ಮಾಡಿದ್ದುಣ್ಣೋ ಮಹರಾಯ ಅಂತ ಈಗ ಅನುಭವಿಸು ಎಂದೆ. ಹಬ್ಬದ ದಿನ, ಎಲೆಯ ಮುಂದೆ. ಅವನು ತಲೆ ತಗ್ಗಿಸಿಕೊಂಡು, ಎಲೆಯ ಮೇಲಿದ್ದ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದ.

ಅದಾಗಿ ಎರಡು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಅಪರಿಚಿತನೊಬ್ಬನ ಇಮೇಲ್ ಬಂತು. ಅವನ ಅಂಗಡಿಯಲ್ಲಿ ಬೆಲೆ ತೋರಿಸುವ ಹಳೇ ಫಲಕವಿದೆ, ಅದರೊಳಗೂ ನಮ್ಮ ಡಬ್ಬದಲ್ಲಿರುವ ಎಲೆಕ್ಟ್ರಾನಿಕ್ ಚಿಪ್ಪೇ ಇದೆ, ಹಾಗಾಗಿ ಅದು ನಡೆಯುವುದೂ ನನ್ನ ಡ್ರೈವರಿನಿಂದಲೇ. ಎಷ್ಟೋ ಸಲ ಹೊಸ ಸಾಲಿನ ಕೊನೆಯಲ್ಲಿ ಹಳೇ ಸಾಲಿನ ಬಾಲ ಉಳಿದುಬಿಡುತ್ತದೆ ಎಂದು ಬರೆದಿದ್ದ. ಹಿಂದಿನ ಕರ್ನೆಲ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ, ತಪ್ಪು ಯಾವ ತಿದ್ದುಪಡಿಯಿಂದ ಬಂತೆಂದೂ ಪತ್ತೆ ಹಚ್ಚಿದ್ದ. ಕೊನೆಯಲ್ಲಿ ಒಂದು ವಿನಯದ ಪ್ರಶ್ನೆ: ಇದನ್ನು ಪರೀಕ್ಷಿಸಿದವರು ಯಾವ ಯಂತ್ರದ ಮೇಲೆ ಪರೀಕ್ಷಿಸಿದರು ಎಂದು ತಿಳಿಸಬಹುದೇ?

ಆ ತಿದ್ದುಪಡಿಯನ್ನು ತೆರೆದೆ. ಕೆಳಗೆ ನನ್ನ ಹೆಸರಿತ್ತು.

ತಪ್ಪು ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಚಿಪ್ಪು ಒಂದು ಸಾಲನ್ನು ಎಂಟೆಂಟು ಬೈಟಿನ, ಅಂದರೆ ಎಂಟೆಂಟು ಮನೆಯ ಕಂತುಗಳಲ್ಲಿ ತೆಗೆದುಕೊಳ್ಳುತ್ತದೆ. ಕೊನೆಯ ಕಂತು ಎಂಟಕ್ಕಿಂತ ಕಡಿಮೆಯಿದ್ದರೆ ತೊಂದರೆಯಿಲ್ಲ. ಸರಿಯಾಗಿ ಎಂಟೇ ಆದಾಗ, ಹೊಸ ಕೋಡಿನಲ್ಲಿ ಅದು ಹೊರಡದೆ ಮುಂದಿನ ಸಾಲು ಬರುವವರೆಗೆ ಕೂತುಬಿಡುತ್ತಿತ್ತು. ಹಾಗಾಗಿ ಕೊನೆಯ ಎಂಟು ಮನೆಗಳಲ್ಲಿ ಹಿಂದಿನ ಸಾಲಿನ ಚುಕ್ಕಿಗಳೇ ನಿಂತಿರುತ್ತಿದ್ದವು. ಮೇಲಿನಿಂದ ಬಂದರೆ ಮೇಲಿನ ಸಾಲಿನವು, ಕೆಳಗಿನಿಂದ ವಾಪಸ್ ಬಂದರೆ ಕೆಳಗಿನ ಸಾಲಿನವು. ಬೇರೆನೇ ಸಿಕ್ತದೆ ಎಂದಿದ್ದನಲ್ಲ, ಅವನ ಬೆರಳು ಇದ್ದದ್ದನ್ನು ಇದ್ದ ಹಾಗೆಯೇ ಓದಿತ್ತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಕೋತಿ ನಾನು. ವಿದ್ಯಾರ್ಥಿಗಳನ್ನು ಬೇಗ ಮನೆಗೆ ಕಳಿಸಿ ಲ್ಯಾಬಿನ ಬಾಗಿಲು ಹಾಕಿಕೊಂಡು ಅತ್ತೆ.

ಆ ಭಾನುವಾರ ರೈಲಿನಲ್ಲಿ ಹೋದೆ. ಚಿಕ್ಕಪ್ಪ ಜಗಲಿಯ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ. ಅತ್ತಿಗೆ ಕಾಫಿ ಲೋಟವನ್ನು ಅವನ ಎರಡೂ ಕೈಗೆ ಕೊಟ್ಟು, “ಹಿಡ್ಕೊಂಡ್ರಾ ಮಾವ” ಎಂದು ಕೇಳಿ ಆಮೇಲೆ ಬಿಟ್ಟಳು. ನಾನು ಅವನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಹೆದರಿಸಿದ ಪಟ್ಟಿ, ತಪ್ಪಿದ ಎರಡು ಭಾನುವಾರ, ಡಬ್ಬ ಮುಟ್ಟದೆ ಹಾಕಿದ ಸಹಿ, ಕೂತುಬಿಟ್ಟ ಕೊನೆಯ ಕಂತು. ಅವನು ರೇಡಿಯೋ ಆರಿಸಿದ.

“ಹಂಗಾರೆ ಅವಾಗ ನನ್ನ ಬೆರಳು ಸರಿಯಾಗೇ ಇತ್ತಾ?”

“ಸರಿಯಾಗಿತ್ತು ಚಿಕ್ಕಪ್ಪಾ. ಡಬ್ಬಾನೇ ತಪ್ಪು ತೋರಿಸ್ತಿತ್ತು. ನೀನ್ಯಾಕೆ ಒಂದು ಮಾತು ಡಬ್ಬ ನೋಡು ಅನ್ನಲಿಲ್ಲ?”

“ನಾನು ಓದ್ದೆ ನೀನು ಸಹಿ ಹಾಕಲ್ಲ ಅಂತ ಗೊತ್ತಿತ್ತಲ್ಲ ಕಣವ್ವ” ಎಂದ. “ನೀನು ಬಂದಿರ್ಲಿಲ್ಲ. ಹಂಗಾಗಿ ಡಬ್ಬದಾಗೆ ಏನೂ ಬದ್ಲಾಗಿಲ್ಲ, ಬದ್ಲಾಗಿರೋದು ನಾನೇ ಅಂದ್ಕೊಂಡೆ.”

ಅವನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಈ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ. ನಾನು ಮೂಗು ಒರೆಸಿಕೊಳ್ಳುವುದು ಅವನಿಗೆ ಕೇಳಿಸಿತು. “ಹೋಗ್ಲಿ ಬಿಡು ಮಗ. ಡಬ್ಬ ಇಳಿಸು, ನೋಡನ” ಎಂದ. ಅವನ ಮುಖ ಅರಳಿತ್ತು. ನನಗಂತೂ ಹಾಗೇ ಕಂಡಿತು.

ಬೀರುವಿನ ಮೇಲಿಂದ ಡಬ್ಬ ಇಳಿಸಿ ಧೂಳು ಒರೆಸಿದೆ. ತಿದ್ದಿದ ಡ್ರೈವರ್ ಹಾಕಿ, ಮೊದಲು ನಾನೇ ಕಣ್ಣಿನಿಂದ ನೋಡಿದೆ. ಬ್ರೈಲನ್ನು ನಾನು ತಡವರಿಸಿಕೊಂಡಾದರೂ ಕಣ್ಣಲ್ಲಿ ಓದಬಲ್ಲೆ. ಎಂಟರ ಲೆಕ್ಕಕ್ಕೆ ಸರಿಯಾಗಿ ಕೂರುವ ಸಾಲುಗಳನ್ನೇ ಹುಡುಕಿ ಮೂವತ್ತು ಸಲ ಮೇಲೆ ಕೆಳಗೆ ಮಾಡಿದೆ. ನಲವತ್ತು ಮನೆಯೂ ಪ್ರತಿ ಸಲ ಸರಿಯಾಗಿ ಎದ್ದವು. ಆಮೇಲೆ ಅವನ ಹಳೇ ಕೆಲಸದ ಫೈಲೊಂದನ್ನು ತೆರೆದೆ. ಅವನು ಹತ್ತಾರು ಸಲ ತಿದ್ದಿದ ಎರಡನೇ ತರಗತಿಯ ಕನ್ನಡ ಪುಸ್ತಕ.

“ಯಾವ ಪಾಠ ಹಾಕಿದೀಯ?” ಎಂದು ಕೇಳಿದ.

“ಮೊದಲನೇ ಪಾಠ ಚಿಕ್ಕಪ್ಪಾ.”

ಬೆನ್ನು ನೆಟ್ಟಗೆ ಮಾಡಿ ಕೂತು ಎರಡೂ ಕೈಯನ್ನು ಡಬ್ಬದ ಮೇಲಿಟ್ಟ. ಬೆರಳು ಎಡದಿಂದ ಬಲಕ್ಕೆ ಹರಿಯಿತು. “ಬೆಳಗಾಯಿತು. ಅಜ್ಜಿ ಅಂಗಳಕ್ಕೆ ನೀರು ಹಾಕಿದಳು. ಕರು ಅಂಬಾ ಎಂದಿತು” ಎಂದು ಗಟ್ಟಿಯಾಗಿ ಓದಿದ. ಗುಂಡಿ ಒತ್ತಿದ. “ಅಜ್ಜಿ ಕರುವಿನ ಹಗ್ಗ ಬಿಚ್ಚಿದಳು. ಕರು ಹಸುವಿನ ಬಳಿಗೆ ಓಡಿತು.” ಮತ್ತೆ ಗುಂಡಿ. ಎಲ್ಲಿಯೂ ತಡವರಿಸಲಿಲ್ಲ. ಅತ್ತಿಗೆ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎರಡು ವರ್ಷದ ಹಿಂದೆಯೇ ಎದೆಯ ಮೇಲೆ ಕೂರಬೇಕಾಗಿದ್ದ ಕಲ್ಲು, ಇಮೇಲ್ ಬಂದ ಈ ಮೂರು ದಿನದಲ್ಲಿ ಕೂತಿತ್ತು. ಅದು ಕೆಳಗಿಳಿದ ಹಾಗಾಯಿತು.

ಆಗ ಸುಮ್ಮನೆ, ಅವನ ಜೊತೆ ನಾನೂ ಓದೋಣವೆಂದು, ಬೆರಳ ಪಕ್ಕದ ಚುಕ್ಕಿಗಳನ್ನು ನೋಡಿದೆ. ಅಲ್ಲಿ ಅಜ್ಜಿಯೂ ಇರಲಿಲ್ಲ, ಕರುವೂ ಇರಲಿಲ್ಲ. ‘ಹೊಂದಿಸಿ ಬರೆಯಿರಿ’ ಎಂದಿತ್ತು. ಅವನು ಗುಂಡಿ ಒತ್ತಿದ. ‘ಅ ಪಟ್ಟಿ, ಆ ಪಟ್ಟಿ’ ಎಂದು ಬಂತು. ಓದುವ ಪ್ರೋಗ್ರಾಮು ಫೈಲನ್ನು ಮೊದಲಿನಿಂದ ತೆರೆದಿರಲಿಲ್ಲ. ಎರಡು ವರ್ಷದ ಹಿಂದೆ ಅವನು ಓದು ನಿಲ್ಲಿಸಿದ್ದ ಜಾಗದಿಂದ, ಒಂಬತ್ತನೇ ಪಾಠದ ಅಭ್ಯಾಸದಿಂದ ತೆರೆದಿತ್ತು. ನಾನು ನೋಡದೆ ಮೊದಲನೇ ಪಾಠ ಎಂದಿದ್ದೆ. ಅವನು ಮೊದಲನೇ ಪಾಠವನ್ನು ಬಾಯಿಪಾಠದಿಂದ ಹೇಳುತ್ತಿದ್ದ. ಓದುವ ಆ ಬಲಗೈ ತೋರುಬೆರಳನ್ನು ಆಗ ಸರಿಯಾಗಿ ನೋಡಿದೆ. ತುದಿಯಲ್ಲಿ ಸುಟ್ಟು ಒಣಗಿದ ಬೊಕ್ಕೆಯಿತ್ತು. ಬಿಸಿ ಲೋಟ ಹಿಡಿದದ್ದೂ ಆ ಬೆರಳಿಗೆ ತಿಳಿದಿರಲಿಲ್ಲ. ಈ ಎರಡು ವರ್ಷದಲ್ಲಿ ಯಾವಾಗಲೋ ಅದು ನಿಜವಾಗಿಯೇ ಹೋಗಿತ್ತು.

ಡಾಕ್ಟರು ಹೇಳಿದ ಕಾಯಿಲೆ ಹೇಗೂ ಬರುವುದಿತ್ತು, ಅದನ್ನು ನಾನು ತಂದದ್ದಲ್ಲ. ಆದರೆ ಅದು ಬರುವ ಮೊದಲು ಅವನಿಗೆ ಓದಲು ಉಳಿದಿದ್ದದ್ದು ಆ ಒಂದೋ ಎರಡೋ ವರ್ಷ. ಅದನ್ನು ನಾನು ಒಂದು ಸಾಲು ಬರೆದು ಕಿತ್ತುಕೊಂಡೆ.

ಅವನು ಪಾಠ ಮುಗಿಸಿ ಕೈ ತೆಗೆದ. “ಎರಡು ಪುಟ ಆಯ್ತು ನೋಡು. ಒಂದು ಚುಕ್ಕಿನೂ ತಪ್ಪಿಲ್ಲ. ಸಹಿ ಹಾಕ್ಕೋ, ನಾನೇ ಸಾಕ್ಷಿ” ಎಂದ. ಆಮೇಲೆ, “ಮುದ್ರಣಾಲಯದೋರಿಗೆ ಮಾತ್ರ ಹೇಳಕ್ಕೋಗಬೇಡ. ವಯಸ್ಸಾಯ್ತು, ನಂಗೆ ಆ ಕೆಲ್ಸ ಸಾಕು” ಎಂದ.

“ಆಯ್ತು ಚಿಕ್ಕಪ್ಪಾ” ಎಂದೆ. ಅತ್ತಿಗೆ ಕಣ್ಣೊರೆಸಿಕೊಂಡು ರೊಟ್ಟಿ ತಟ್ಟಲು ಒಳಗೆ ಹೋದಳು. ನಾನು ಮಾಡಿದ ಹೊಸ ತಿದ್ದುಪಡಿಯನ್ನು, ಪರೀಕ್ಷಿಸಿದವರ ಸಾಲಿನಲ್ಲಿ ನನ್ನೊಬ್ಬಳ ಹೆಸರನ್ನೇ ಬರೆದು ಕಳಿಸಿದೆ. ಅಪರಿಚಿತನ ಪ್ರಶ್ನೆಗೆ, ಯಾವ ಯಂತ್ರದ ಮೇಲೂ ಪರೀಕ್ಷಿಸಿರಲಿಲ್ಲ ಎಂದು ಎಲ್ಲರಿಗೂ ಕಾಣುವ ಹಾಗೆ ಉತ್ತರ ಬರೆದೆ. ಹಿರಿಯ ಎರಡು ಸಾಲಿನಲ್ಲಿ ಛೀಮಾರಿ ಹಾಕಿ, ತಿದ್ದುಪಡಿಯನ್ನು ಸೇರಿಸಿಕೊಂಡ.

ಡಬ್ಬ ಈಗ ಬೀರುವಿನ ಮೇಲಿಲ್ಲ, ಚಿಕ್ಕಪ್ಪನ ಮೇಜಿನ ಮೇಲಿದೆ. ಅತ್ತಿಗೆ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. “ಮಾವನೋರು ದಿನಾ ಬೆಳಗ್ಗೆ ಎರಡು ಗಂಟೆ ಹೊತ್ತು ಡಬ್ಬದ ಮುಂದೆ ಕೂತು ಗಟ್ಟಿಯಾಗಿ ಓದ್ತಾರೆ ಕಣೇ. ನಮಗೆಲ್ಲ ಕೇಳಿಸ್ಬೇಕು, ಹಂಗೆ. ನೀನು ರಿಪೇರಿ ಮಾಡಿಕೊಟ್ಟಿದ್ದು ಒಳ್ಳೇದಾಯ್ತು. ನೀನು ಬೇಜಾರು ಮಾಡ್ಕೋಬಾರ್ದು ಅಂತ ಹೇಳು ಅಂದ್ರು” ಎನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.